ದಾನದ ಕಂಪ್ಯೂಟರುಗಳು ಏಳದೇ ಹೋದ ದಿನ

"ಕಳ್ಳನ್ನ ಮನ್ಯಾಗ ಇಟ್ಕೊಂಡು ನನಗ ಚಾ ಕುಡಸ್ತೀರೇನ್ರಿ ಶೆಟ್ರ? ಒಯ್ರಿ ಆಕಡೆ ನಿಮ್ಮ ಚಾ!"

ಗುರುಬಸವ ತಳ್ಳಿದ ರಭಸಕ್ಕೆ ಗ್ಲಾಸು ಉರುಳಿ ಚಹಾ ಮೇಜಿನ ಮೇಲೆಲ್ಲ ಹರಿಯಿತು. ತಿಂಡಿ ತಿನ್ನುತ್ತಿದ್ದ ಗಿರಾಕಿಗಳು ತಲೆ ಎತ್ತಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಬಾಯಿ ಬಿಗಿ ಹಿಡಿದು ಮಾತಾಡು ಮಾರಾಯ," ಎಂದೆ. "ಅವನು ನನ್ನ ತಂಗಿಯ ಮಗ. ನನ್ನ ಹೋಟೆಲಿನಲ್ಲೇ ನಿಂತು ಅವನನ್ನು ಕಳ್ಳ ಅಂತ ಹೇಳ್ಲಿಕ್ಕೆ ನಿನಗೆ ಎಷ್ಟು ಸೊಕ್ಕು?"

"ಸೊಕ್ಕಲ್ರೀ, ಹೊಟ್ಟಿ ಉರಿ! ಪವಾಯಿ ಕಂಪನಿ ಸಾಹೇಬ್ರು ಇವತ್ತ ಪರೇಲಿನ ಸಾಲಿಗೆ ಬಂದು ರಿಬ್ಬನ್ ಕತ್ತರಿಸಿ ಬಟನ್ ಒತ್ತಿದ್ರ ಒಂದು ಕಂಪ್ಯೂಟರೂ ಏಳಲಿಲ್ಲ. ಎಲ್ಲಾದರಾಗಿನ ರ್ಯಾಮ್ ಮಾಯ! ಪ್ಯಾಕ್ ಮಾಡಿದಾಂವ ಯಾರು? ಇಂವ. ಒಬ್ಬನ."

ಗುರುಬಸವ ಬೆಳಗಾವಿ ಕಡೆಯವನು. ಬೈಕುಲ್ಲಾದಲ್ಲಿ ನನ್ನ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಟ್ರಸ್ಟಿನ ವರ್ಕ್‌ಶಾಪ್ ನಡೆಸುತ್ತಾನೆ. ದೊಡ್ಡ ಆಫೀಸುಗಳು ಬೇಡವೆಂದು ಬಿಟ್ಟ ಕಂಪ್ಯೂಟರುಗಳನ್ನು ಎತ್ತಿ ತಂದು, ರಿಪೇರಿ ಮಾಡಿ, ಬಡವರ ಶಾಲೆಗಳಿಗೆ ಪುಕ್ಕಟೆ ಕೊಡುವ ಕೆಲಸ. ನನ್ನ ತಂಗಿಯ ಮಗ ಪ್ರೀತಮ್ ಅಲ್ಲಿ ಮೆಕ್ಯಾನಿಕ್. ರ್ಯಾಮ್ ಎಂದರೆ ಗೇಣುದ್ದದ ಒಂದು ತೆಳು ಪಟ್ಟಿ, ಅದಿಲ್ಲದಿದ್ದರೆ ಕಂಪ್ಯೂಟರ್ ಬರೀ ಡಬ್ಬಿ ಎಂದು ಅವನೇ ನನಗೆ ಹೇಳಿದ್ದ.

ಇಷ್ಟು ಬೈಗುಳ ಬೀಳುತ್ತಿದ್ದರೂ ಆ ಹುಡುಗ ಗಲ್ಲಾದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅದು ನನ್ನ ಸಿಟ್ಟನ್ನು ಇನ್ನೂ ಕೆರಳಿಸಿತು. ಅವನ ನೀಲಿ ಯೂನಿಫಾರ್ಮ್ ಅಂಗಿಯ ಅಂಚೆಲ್ಲ ಬೆಳ್ಳಗೆ ಬಳಿದುಕೊಂಡಿತ್ತು.

"ಅಂಗಿ ನೋಡು, ಸುಣ್ಣದಲ್ಲಿ ಹೊರಳಿದ ಹಾಗೆ! ನಿನಗೆ ಬಾಯಿ ಇಲ್ವಾ? ನಾನು ತೆಗೆಯಲಿಲ್ಲ ಅಂತ ಹೇಳು!"

ಪ್ರೀತಮ್ ಅಂಗಿಯ ಕಡೆ ನೋಡಿಕೊಂಡು ಗಡಿಬಿಡಿಯಿಂದ ಕೊಡವಿದ. "ರಹನೇ ದೋ ಮಾಮ, ಬಿಟ್ಬಿಡಿ. ನನಗೆ ಹೇಳೋದು ಏನೂ ಇಲ್ಲ."

"ಕೇಳಿದ್ರೇನು?" ಗುರುಬಸವ ಚಪ್ಪಲಿ ಮೆಟ್ಟಿದ. "ನಾಳೆ ಸಂಜಿತನಕ ನೋಡ್ತೀನಿ. ಸಾಮಾನು ಬರಲಿಲ್ಲಂದ್ರ ಪೊಲೀಸ್ ಕಂಪ್ಲೇಂಟ್."

ಅದರ ಅರ್ಥ ನನಗೆ ಗೊತ್ತಿತ್ತು. ಈ ಕೆಲಸವೇ ನಂಬಿಕೆಯದ್ದು. ಆಫೀಸಿನವರು ತಮ್ಮ ಗುಟ್ಟುಗಳೆಲ್ಲ ತುಂಬಿದ ಯಂತ್ರಗಳನ್ನು ಈ ಹುಡುಗರ ಕೈಗೆ ಒಪ್ಪಿಸುತ್ತಾರೆ. ಒಮ್ಮೆ ಠಾಣೆಯಲ್ಲಿ ಹೆಸರು ಬಿದ್ದರೆ ಯಾವ ಆಫೀಸಿನ ಗೇಟೂ ತೆರೆಯುವುದಿಲ್ಲ. ಆ ಹುಡುಗನಿಗೆ ಬೇರೆ ವಿದ್ಯೆ ಬರುವುದಿಲ್ಲ.

ನಾನು ಸೀದಾ ಮೇಲಿನ ಮಾಳಿಗೆ ಹತ್ತಿದೆ. ಅಲ್ಲಿ ಚನ್ನಬಸಯ್ಯ ಬಾಡಿಗೆಗಿದ್ದಾರೆ. ಧಾರವಾಡದವರು. ವಿಮಾ ಕಂಪನಿಯಲ್ಲಿ ಬೆಂಕಿ, ಕಳವುಗಳ ತನಿಖೆ ಮಾಡಿಯೇ ತಲೆ ಬೆಳ್ಳಗಾದದ್ದು. ನಿವೃತ್ತರಾದ ಮೇಲೂ ಜನ ಬಿಡಲಿಲ್ಲ. ಚಾಳಿನ ಮನೆಗಳಲ್ಲಿ ಸರ ಕಳೆಯಲಿ, ಮಾರ್ಕೆಟ್ಟಿನಲ್ಲಿ ಮಾಲು ಕಳೆಯಲಿ, ಮೊದಲು ಬರುವುದು ನನ್ನ ಹೋಟೆಲಿನ ಮೆಟ್ಟಿಲಿಗೆ. ಅವರ ಜೊತೆ ಅಲೆದು ನನಗೂ ಅಭ್ಯಾಸವಾಗಿದೆ.

ನಾನು ಕೂಗಾಡುತ್ತ ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು.

"ಹುಡುಗ, ನಾ ಮಾಡಿಲ್ಲ ಅಂದನೇನು?"

"ಇಲ್ಲ. ಏನೂ ಹೇಳುವುದಿಲ್ಲ ಅವನು."

"ಮಾಡಿದಾಂವ ಆಗಿದ್ರ ಇಷ್ಟೊತ್ತಿಗೆ ಹತ್ತು ಸಲ ಇಲ್ಲ ಅಂತಿದ್ದ," ಎಂದು ಅವರು ಟೋಪಿ ತೆಗೆದುಕೊಂಡರು. "ನಡೀರಿ ಶೆಟ್ರ."

*

ವರ್ಕ್‌ಶಾಪ್ ಇರುವುದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಒಳಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ಒಂದು ಬೋರ್ಡು: ಕುಂಕುಮ, ವಿಭೂತಿ, ಅಗರಬತ್ತಿ ಒಳಗೆ ತರಬಾರದು.

"ಇದೆಂಥ ಕಾಯ್ದೆ?" ಎಂದೆ.

"ನಿಮ್ಮ ಅಳಿಯಂದ," ಎಂದ ಗುರುಬಸವ. ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದ. "ಪುಡಿ ಒಳಗ ಹೋದ್ರ ಬೋರ್ಡ್ ಕೆಡ್ತದ ಅಂತ ಜಗಳಾಡಿ ಹಾಕಿಸ್ಯಾನ. ದಸರಾಕ್ಕೂ ನಾವಿಲ್ಲಿ ಬರೇ ಚೆಂಡು ಹೂವ ಇಡೋದು. ಬಂದ ಪ್ರತಿ ಮಷೀನನ್ನೂ ಬ್ಲೋವರ್ ಹಚ್ಚಿ ಊದಿ, ಕನ್ನಡಿ ಆದಂಗ ಮಾಡಿನ ಹೊರಗ ಕಳಸ್ತೀವಿ."

ಚನ್ನಬಸಯ್ಯ ಮೇಜಿನ ಮೇಲಿದ್ದ ಒಂದು ತೆರೆದ ಪೆಟ್ಟಿಗೆಯೊಳಗೆ ಇಣುಕಿದರು. ನಿಜಕ್ಕೂ ಒಂದು ಕಣ ಧೂಳಿರಲಿಲ್ಲ.

"ಈ ರ್ಯಾಮ್ ತೆಗಿಯೋದು ಎಲ್ಲಾರಿಗೂ ಬರ್ತದೇನು?"

"ಕಲಿಸಿದ್ರ ಬರ್ತದ. ನಮ್ಮಲ್ಲಿ ಒಂದು ಪದ್ಧತಿ ಅದ ರೀ. ಸಾಲಿಗೆ ಕಂಪ್ಯೂಟರ್ ಕೊಡೋಕಿಂತ ಮೊದಲ ಆ ಸಾಲಿಯಿಂದ ಒಬ್ರು ಮಾಸ್ತರ್ ಇಲ್ಲಿಗೆ ಬಂದು ಅರ್ಧ ದಿನ ಕೂಡಬೇಕು. ಯಂತ್ರ ಪೀಂ ಪೀಂ ಅಂದ್ರ ರ್ಯಾಮ್ ಹೊರಗ ತೆಗಿ, ಚಿನ್ನದ ಬಣ್ಣದ ಅಂಚಿಗೆ ರಬ್ಬರ್ ಹಚ್ಚಿ ತಿಕ್ಕು, ಮತ್ತ ಕೂಡ್ಸು. ಬಹಳಷ್ಟು ರೋಗ ಅಷ್ಟಕ್ಕ ಹೋಗ್ತಾವ. ಕಲಿಸಾಂವ ಪ್ರೀತಮ್ಮನ."

"ಪರೇಲಿನ ಸಾಲಿಯಿಂದ ಯಾರು ಬಂದಿದ್ರು?"

"ಯಾರೋ ಬಾಯಾರು, ಹೆಣ್ಮಗಳು ಟೀಚರ್. ನಾ ಅವತ್ತ ಇರ್ಲಿಲ್ಲ."

"ಹಾರ್ಡ್ ಡಿಸ್ಕ್ ಹೋಗ್ಯಾವೇನು? ಬ್ಯಾರೆ ಏನಾರ?"

"ಇಲ್ಲ. ಅದ ಸೋಜಿಗ. ಮಾರಿದ್ರ ಡಿಸ್ಕಿಗೇ ಹೆಚ್ಚು ಬೆಲಿ."

ಯಂತ್ರಗಳು ಗುರುವಾರ ಶಾಲೆ ಮುಟ್ಟಿದ್ದವು. ಅಲ್ಲಿ ವೈರಿಂಗ್ ಆಗಿರಲಿಲ್ಲವಾದ್ದರಿಂದ ಚಾಲೂ ಮಾಡದೆ ಇಟ್ಟು ಬಂದಿದ್ದರು. ಶುಕ್ರವಾರದಿಂದ ಭಾನುವಾರದವರೆಗೆ ಪ್ರೀತಮ್ ಗುರುಬಸವನ ಜೊತೆಯಲ್ಲೇ ಪವಾಯಿಯಲ್ಲಿ ಹಳೆ ಕಂಪ್ಯೂಟರುಗಳ ಹೊಸ ಲಾಟ್ ಎತ್ತುತ್ತಿದ್ದ. ಮಲಗಿದ್ದೂ ಅವನ ಮನೆಯಲ್ಲೇ. ಸೋಮವಾರ ಎಲ್ಲರ ಎದುರು ಬಟನ್ ಒತ್ತಿದಾಗ ಯಂತ್ರಗಳು ಏಳಲಿಲ್ಲ.

"ಆಮ್ಯಾಲೆ ಬಿಚ್ಚಿ ನೋಡಿದವರು ಯಾರು?"

"ಪ್ರೀತಮ್. ಮೇಜಿನ ಕೆಳಗ ಕುಂತು ಒಂದೊಂದ ಬಿಚ್ಚಿ ಮುಚ್ಚಿದ. ಕಿಡಕಿ ಹತ್ತಿರ ಇರೋ ಕೊನೀದು ಬಿಚ್ಚೋಕಿಂತ ಮೊದಲ ನಾ ಅವನ ಕೊರಳಪಟ್ಟಿ ಹಿಡದೆ."

"ಅದು ಇನ್ನೂ ಹಂಗ ಅದ?"

"ಹಂಗ ಅದ. ಆದ್ರ ಬಾಳ ದಿನ ಇಡೂದಿಲ್ರೀ. ಈ ತಿಂಗಳದಾಗ ಚಾಲೂ ಆಗಲಿಲ್ಲಂದ್ರ ಎಲ್ಲಾ ವಾಪಸ್ ತಂದು ಬ್ಯಾರೆ ಸಾಲಿಗೆ ಕೊಡಬೇಕು. ಟ್ರಸ್ಟಿನ ನಿಯಮ."

*

ಮರುದಿನ ಬೆಳಿಗ್ಗೆ ಪರೇಲಿಗೆ ಹೋದೆವು. ಹಿಂದೆ ಮಿಲ್ ಇದ್ದ ಜಾಗದಲ್ಲಿ ಈಗ ಗಾಜಿನ ಬಿಲ್ಡಿಂಗ್. ಅದರ ಬೆನ್ನಿಗೆ ಆ ಶಾಲೆ. ಮಿಲ್ ಕೆಲಸಗಾರರ ಮಕ್ಕಳಿಗೆಂದು ಕಟ್ಟಿದ ಕನ್ನಡ ಶಾಲೆ ಅದು. ಈಗ ಹೆಚ್ಚಿನದೆಲ್ಲ ಇಂಗ್ಲಿಷ್ ಮೀಡಿಯಂ. ಪ್ರೀತಮ್ ಕೂಡ ಚಿಕ್ಕವನಿದ್ದಾಗ ಇಲ್ಲೇ ಕಲಿತವನು.

ಹೆಡ್‌ಮಾಸ್ತರ ಶೇಖರ ಸರ್ ಬೆವರು ಒರೆಸಿಕೊಳ್ಳುತ್ತಲೇ ಎದುರು ಬಂದರು. "ಕ್ಯಾ ಬೋಲೂಂ, ಏನು ಹೇಳ್ಲಿ ಸರ್, ಇಜ್ಜತ್ ಹೋಯ್ತು. ಶುಕ್ರವಾರ ಬೆಳಿಗ್ಗೆ ನಾನೇ ಪೂಜೆ ಮಾಡಿದೆ. ಎಲ್ಲಾ ಕಂಪ್ಯೂಟರಿಗೂ ಕುಂಕುಮದ ಅರ್ಚನೆ. ಆಮೇಲೆ ರೂಮಿಗೆ ಬೀಗ."

"ಕೀಲಿ?"

ಪ್ಯೂನ್ ಗದಿಗೆಪ್ಪ ಆಫೀಸಿನ ಗೋಡೆಯ ಗೂಟ ತೋರಿಸಿದ. "ಇಲ್ಲೇ ತೂಗ್ಯಾಡ್ತದ ರೀ. ಸಾಲ್ಯಾಗಿನವರು ಯಾರ ಬೇಕಾದ್ರೂ ತಗೋಬಹುದು. ನನ್ನ ಮ್ಯಾಲೆ ಹಾಕಬ್ಯಾಡ್ರಿ ಮತ್ತ. ಆ ಡಬ್ಬಿ ಮುಟ್ಟಾಕ ನನಗ ಅಂಜಿಕಿ, ಕರೆಂಟ್ ಹೊಡೀತಂದ್ರ?"

ಕಂಪ್ಯೂಟರ್ ಕೋಣೆಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು. ಒಂದು ಗೋಡೆಯಲ್ಲಿ ಬಣ್ಣದಡಿಯಿಂದ ಹಳೆಯ ಕನ್ನಡ ವರ್ಣಮಾಲೆ ಮಸುಕಾಗಿ ಕಾಣುತ್ತಿತ್ತು. ಪೆಟ್ಟಿಗೆಗಳ ನೆತ್ತಿಯ ಮೇಲೆಲ್ಲ ಕುಂಕುಮ ಚೆಲ್ಲಿತ್ತು. ಚನ್ನಬಸಯ್ಯ ಕಿಟಕಿಯ ಪಕ್ಕದ ಪೆಟ್ಟಿಗೆಯ ಎದುರು ಕುಳಿತು, ಕರವಸ್ತ್ರ ಒದ್ದೆ ಮಾಡಿ, ಅದರ ಮೇಲಿನ ಕುಂಕುಮವನ್ನೆಲ್ಲ ಮೆಲ್ಲಗೆ ಒರೆಸತೊಡಗಿದರು. ಸಂದಿಗೊಂದಿ ಬಿಡಲಿಲ್ಲ.

"ಇದೆಂತ ಅಯ್ಯನವರೇ, ಕಳ್ಳನನ್ನು ಹುಡುಕುವುದು ಬಿಟ್ಟು ಡಬ್ಬಿ ತೊಳೆಯುತ್ತಾ ಕೂತಿದ್ದೀರಿ?"

"ಗಪ್ಪ್ ಕೂಡ್ರಿ ಶೆಟ್ರ."

ಒರೆಸಿ, ಒಣಗಿಸಿ, ಆಮೇಲೆ ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಜಾರಿಸಿದರು. ಟಾರ್ಚು ಬಿಟ್ಟರು. ನಾನೂ ಬಗ್ಗಿ ನೋಡಿದೆ. ಒಳಗೆ ತಳದಲ್ಲಿ ಕೆಂಪು ಪುಡಿ. ರ್ಯಾಮ್ ಕೂರುವ ಕಪ್ಪು ಪ್ಲಾಸ್ಟಿಕ್ ಸ್ಲಾಟಿನ ಸಂದಿಯಲ್ಲೂ ಕೆಂಪು. ಆ ಕಪ್ಪು ಪ್ಲಾಸ್ಟಿಕ್ಕಿನ ಎರಡು ತುದಿಗಳಲ್ಲಿ ಬೆಳ್ಳಗಿನ ಬೆರಳ ಗುರುತು.

"ಗೋಡೆಯ ಸುಣ್ಣ ಬಿದ್ದಿರಬೇಕು," ಎಂದೆ.

"ಗ್ವಾಡಿ ಹಸರು ಅದ," ಎಂದರು. ಅವರ ಮುಖ ಯಾಕೋ ಬಾಡಿತು. ತಗಡನ್ನು ಮತ್ತೆ ಮುಚ್ಚಿ, ಮೊಣಕಾಲು ಹಿಡಿದುಕೊಂಡು ಎದ್ದರು.

ಹೊರಗೆ ಬಂದಾಗ ಅಕ್ಕಪಕ್ಕದ ಕೋಣೆಗಳಲ್ಲಿ ಇಂಗ್ಲಿಷ್ ಪಾಠ ನಡೆದಿತ್ತು. ಎಲ್ಲ ಕಡೆ ಹೊಳೆಯುವ ಬಿಳಿ ಬೋರ್ಡು, ಬಣ್ಣದ ಮಾರ್ಕರ್ ಪೆನ್ನು. ಶೇಖರ ಸರ್ ಕೈಗೂ ನೀಲಿ ಮಾರ್ಕರ್ ಮಸಿ ಹತ್ತಿತ್ತು. ಕಾರಿಡಾರಿನ ಕೊನೆಯಲ್ಲಿ, ಮೆಟ್ಟಿಲ ಕೆಳಗೆ, ಗೋಡೆಗೆ ಒಂದು ಕರಿಹಲಗೆ ಒರಗಿಸಿಟ್ಟು ಹಿರಿಯ ಹೆಂಗಸೊಬ್ಬರು ಪಾಠ ಮಾಡುತ್ತಿದ್ದರು. ಎದುರಿಗೆ ಜಮಖಾನೆಯ ಮೇಲೆ ಬೆರಳೆಣಿಕೆಯ ಮಕ್ಕಳು.

"ಅವರು ರುದ್ರವ್ವ ಟೀಚರ್. ಕನ್ನಡ ಕ್ಲಾಸ್," ಎಂದರು ಶೇಖರ ಸರ್, ತಗ್ಗಿದ ದನಿಯಲ್ಲಿ. "ಆ ರೂಮು ಮೊದಲು ಅವರದ್ದೇ. ಕಂಪ್ಯೂಟರ್ ಚಾಲೂ ಆದ್ರೆ ರೂಮು ಪರ್ಮನೆಂಟ್ ಹೋಯ್ತು. ರೂಮು ಇಲ್ಲದ ಕ್ಲಾಸ್ ನಡೆಸೋದಿಲ್ಲ ಅಂತ ಕಮಿಟಿಯವರು ಹೇಳಿದ್ದಾರೆ. ಮಕ್ಕಳನ್ನ ರೈಲ್ವೆ ಲೈನ್ ದಾಟಿ ದೂರದ ಶಾಲೆಗೆ ಹಾಕ್ತಾರಂತೆ. ಯಾರು ಹೋಗ್ತಾರೆ ಅಷ್ಟು ದೂರ? ಅವರಪ್ಪ ಅಮ್ಮ ಬಿಡಿಸಿಬಿಡ್ತಾರೆ. ನನ್ನ ಕೈಯಲ್ಲಿ ಏನೂ ಇಲ್ಲ ಸರ್."

ಆ ಅಕ್ಕೋರು ನಮ್ಮನ್ನು ನೋಡಿ ಎದ್ದು ಬಂದರು. ಸೆರಗಿನ ತುಂಬ ಸೀಮೆಸುಣ್ಣದ ಪುಡಿ.

"ನೀವು ಪ್ರೀತಮ್ಮನ ಮಾವ ಅಲ್ಲೇನ್ರಿ? ಮಾರಿ ಒಂದ ಥರಾ ಅದ. ನನ್ನ ಮುಂದಿನ ಸಾಲಿನಾಗ ಕೂಡತಿದ್ದ. ಬೆಂಚು, ಫ್ಯಾನು, ಏನ ಮುರದ್ರೂ ಬಿಚ್ಚಿ ನೋಡೋ ಚಾಳಿ. ಹ್ಯಾಂಗದಾನ?"

"ಹೇಗಿರುವುದು? ಕಳ್ಳ ಅಂತ ಹೆಸರು ಕಟ್ಟಿದ್ದಾರೆ. ಸಂಜೆಗೆ ಪೊಲೀಸರಿಗೆ ಕೊಡ್ತಾರಂತೆ!" ಎಂದು ನಾನು ಕೂಗಿಬಿಟ್ಟೆ.

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚನ್ನಬಸಯ್ಯ, "ಅಕ್ಕೋರ, ಮಧ್ಯಾಹ್ನ ಸಾಲಿ ಬಿಟ್ಟಮ್ಯಾಲೆ ಕಂಪ್ಯೂಟರ್ ಖೋಲಿಗೆ ಬರ್ರಿ," ಎಂದಷ್ಟೇ ಹೇಳಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದರು.

ಎದುರಿನ ಅಂಗಡಿಯಲ್ಲಿ ಚಹಾ ಹೇಳಿ ಕೂತೆವು. ಅವರು ಕುಡಿಯಲಿಲ್ಲ.

"ಶೆಟ್ರ, ಪ್ರೀತಮ್ ಕಳ್ಳ ಅಲ್ಲ ಅಂತ ಈಗ ಸಾಬೀತು ಮಾಡಬಹುದು. ಅಷ್ಟಕ್ಕ ನಿಲ್ಲಸೂಣೇನು? ಯಾರು ಅಂತ ಕೇಳಬ್ಯಾಡ್ರಿ."

"ಯಾಕೆ ನಿಲ್ಲಿಸಬೇಕು? ಅರ್ಧ ಹೇಳಿದರೆ ಆ ಗುರುಬಸವ ಒಪ್ಪುತ್ತಾನಾ? ಅವನಿಗೆ ಸಾಮಾನು ಬೇಕು!"

"ಒಪ್ಪೂದಿಲ್ಲ," ಎಂದು ಅವರು ರಸ್ತೆ ನೋಡುತ್ತ ಹೇಳಿದರು. "ಅದಕ್ಕ ಕೇಳಿದೆ."

*

ಮಧ್ಯಾಹ್ನ ಆ ಹಸಿರು ಕೋಣೆಯಲ್ಲಿ ಎಲ್ಲರೂ ಸೇರಿದೆವು. ಗುರುಬಸವ ಪ್ರೀತಮ್‌ನನ್ನು ಕರೆದುಕೊಂಡೇ ಬಂದಿದ್ದ. ಹುಡುಗ ಮೂಲೆಯಲ್ಲಿ ನಿಂತ. ಗದಿಗೆಪ್ಪ ಬಾಗಿಲಲ್ಲಿ. ರುದ್ರವ್ವ ಅಕ್ಕೋರು ಕೊನೆಗೆ ಬಂದು, ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತರು.

"ಗುರುಬಸವ," ಎಂದರು ಚನ್ನಬಸಯ್ಯ, "ಸಾಮಾನು ನಾಳೆ ಮುಂಜಾನೆ ನಿನ್ನ ಬಾಗಿಲ ಮುಂದ ಇದ್ರ, ಯಾರು ಅಂತ ಕೇಳದ ಬಿಡ್ತೀಯೇನು?"

"ಬಿಡಾಕ ಬರಂಗಿಲ್ರೀ. ಪವಾಯಿಯವರು ಕೇಳ್ಯಾರ. ಯಾರು, ಹ್ಯಾಂಗ ಅಂತ ಹೇಳದಿದ್ರ ಮುಂದ ಒಂದ ಮಷೀನೂ ಕೊಡೂದಿಲ್ಲ. ಎಷ್ಟ ಸಾಲಿಗೋಳು ಕಾಯಾಕತ್ಯಾವ ಗೊತ್ತೇನು?"

"ಹೇಳಿಬಿಡಿ ಅಯ್ಯನವರೇ," ಎಂದೆ ನಾನು. "ನನ್ನ ಹುಡುಗ ಯಾಕೆ ಹೊರಬೇಕು ಈ ಕೊಳೆ?"

"ಮಾಮ, ಚುಪ್!" ಎಂದ ಪ್ರೀತಮ್. ಎರಡು ದಿನದಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ನಾನು ಚುಪ್ ಆಗಲಿಲ್ಲ. "ಹೇಳಿ!" ಎಂದೆ ಇನ್ನೊಮ್ಮೆ.

ಚನ್ನಬಸಯ್ಯ ನಿಟ್ಟುಸಿರುಬಿಟ್ಟರು.

"ಹಂಗಾದ್ರ ಕೇಳ್ರಿ. ಮೊದಲನೇದು, ಕಳವು ಯಾವಾಗ ಆತು? ವರ್ಕ್‌ಶಾಪಿನಾಗ ಕುಂಕುಮ ಒಳಗ ಬಿಡೂದಿಲ್ಲ. ಅಲ್ಲಿಂದ ಮಷೀನು ಸ್ವಚ್ಛ ಬಂದಾವ. ಕುಂಕುಮ ಬಿದ್ದದ್ದು ಶುಕ್ರವಾರದ ಪೂಜ್ಯಾಗ, ಅದೂ ಮುಚ್ಚಿದ ಪೆಟ್ಟಿಗಿ ಮ್ಯಾಲೆ, ನೆತ್ತಿಗೆ ಒಂದ ತೂತೂ ಇಲ್ಲ. ಪ್ರೀತಮ್ ಸೋಮವಾರ ಬಿಚ್ಚಿದವನ್ನ ನಾ ಲೆಕ್ಕಕ್ಕ ತಗೊಳ್ಳಂಗಿಲ್ಲ, ಯಾಕಂದ್ರ ಆವಾಗೂ ಪುಡಿ ಒಳಗ ಬಿದ್ದಿರಬಹುದು. ಆದ್ರ ಕಿಡಕಿ ಹತ್ತಿರದ್ದನ್ನ ಅಂವ ಮುಟ್ಟಿಲ್ಲ. ನಾ ಬಿಚ್ಚೂವಾಗ ಹೊಸದಾಗಿ ಬೀಳಬಾರದು ಅಂತ ಮ್ಯಾಲಿಂದೆಲ್ಲಾ ಒರೆಸಿನ ಬಿಚ್ಚಿದೆ. ಆದ್ರೂ ರ್ಯಾಮ್ ಕೂಡೋ ಸಂದಿಯೊಳಗ ಕುಂಕುಮ ಇತ್ತು. ಪಟ್ಟಿ ಅಲ್ಲೇ ಇದ್ದಿದ್ರ ಸಂದಿಗೆ ಪುಡಿ ಹೋಗ್ತಿರ್ಲಿಲ್ಲ. ಅಂದ್ರ ಪೂಜಿ ಆದಮ್ಯಾಲೆ, ಸೋಮವಾರಕ್ಕಿಂತ ಮೊದಲ ಯಾರೋ ಬಿಚ್ಚ್ಯಾರ. ಆ ದಿನಗಳೆಲ್ಲಾ ಪ್ರೀತಮ್ ಎಲ್ಲಿದ್ದ, ಗುರುಬಸವ?"

ಗುರುಬಸವ ಮೂಲೆಯತ್ತ ತಿರುಗಿದ. "ನನ್ನ ಜೊತಿ... ಪವಾಯಿದಾಗ."

ನಾನು ಮೇಜು ಗುದ್ದಿದೆ. "ಕೇಳಿದೆಯಾ? ನಿನ್ನ ಮನೆಯಲ್ಲೇ ಮಲಗಿದ್ದವನನ್ನು ಕಳ್ಳ ಅಂದೆಯಲ್ಲ!"

"ತಡೀರಿ ಶೆಟ್ರ. ಎರಡನೇದು, ತೆಗೆದದ್ದು ಯಾಕ? ಮಾರಾಕ ಆಗಿದ್ರ ಡಿಸ್ಕೂ ಹೋಗ್ತಿತ್ತು. ಹಾಳು ಮಾಡಾಕ ಆಗಿದ್ರ ವೈರು ಕತ್ತರಿಸ್ತಿದ್ರು. ತಿರುಗಿ ಹಾಕಿದ್ರ ಕ್ಷಣದಾಗ ಏಳಬೇಕು, ಅಲ್ಲೀತನಕ ಏಳಬಾರದು, ಅಂಥಾ ಒಂದ ವಸ್ತು ಮಾತ್ರ ತೆಗೆದಾರ. ಯಂತ್ರದ ಮ್ಯಾಲೆ ದ್ವೇಷ ಇಲ್ಲ ಅವರಿಗೆ. ತಿಂಗಳು ದಾಟಬೇಕಾಗಿತ್ತು, ಅಷ್ಟ. ತಿಂಗಳು ದಾಟಿದ್ರ ಕಂಪ್ಯೂಟರ್ ವಾಪಸ್ ಹೋಗ್ತಾವ, ಈ ಖೋಲಿ ಖಾಲಿ ಆಗ್ತದ. ಖೋಲಿ ಯಾರಿಗೆ ಬೇಕಾಗಿತ್ತು?"

ಶೇಖರ ಸರ್ ಗೋಡೆಯ ಕಡೆ ನೋಡಿದರು.

"ಮೂರನೇದು, ಕೈ. ಆ ಕರಿ ಪ್ಲಾಸ್ಟಿಕ್ ಮ್ಯಾಲೆ ಬಿಳಿ ಬೆರಳಿನ ಗುರುತು ಇತ್ತು. ಖಡು, ನೀವು ಸೀಮೆಸುಣ್ಣ ಅಂತೀರಿ. ಹೆಡ್‌ಮಾಸ್ತರ್ ಕೈಯಾಗ ಮಾರ್ಕರ್ ಮಸಿ. ಬ್ಯಾರೆ ಟೀಚರುಗಳಿಗೂ ಅದ. ಗದಿಗೆಪ್ಪ ಡಬ್ಬಿ ಮುಟ್ಟೂದಿಲ್ಲ, ತೆಗೀಲಿಕ್ಕೂ ಬರೂದಿಲ್ಲ. ಈ ಸಾಲ್ಯಾಗ ಖಡು ಹಿಡಿಯೋರು ಒಬ್ರ. ವರ್ಕ್‌ಶಾಪಿಗೆ ಬಂದು ರ್ಯಾಮ್ ತೆಗಿಯೋದು ಕಲತ ಬಾಯಾರೂ ಒಬ್ರ."

ಆಮೇಲೆ ಅವರು ಮೂಲೆಯ ಕಡೆ ತಿರುಗಿದರು.

"ಇದು ನನಗಿಂತ ಮೊದಲ ಒಬ್ಬಗ ಗೊತ್ತಾಗಿತ್ತು. ಮೇಜಿನ ಕೆಳಗ ಕುಂತು ಒಂದೊಂದ ಪೆಟ್ಟಿಗಿ ಬಿಚ್ಚಿ, ಒಳಗಿನ ಬಿಳಿ ಗುರುತು ಅಂಗಿ ಅಂಚಿಲೆ ಒರೆಸಿ ಮುಚ್ಚಿದ. ಕೊನೀದು ಒರೆಸಾಕ ಗುರುಬಸವ ಬಿಡಲಿಲ್ಲ. ಅದಕ್ಕ ನಿಮ್ಮ ಹುಡುಗ ಬಾಯಿ ಬಿಡಲಿಲ್ಲ ಶೆಟ್ರ. ಆ ಅಂಗಿ ನೋಡೇ ನೀವು ಬೈದದ್ದು."

ರುದ್ರವ್ವ ಅಕ್ಕೋರು ಚೀಲದಿಂದ ಸೀಮೆಸುಣ್ಣದ ಒಂದು ರಟ್ಟಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಆ ಪಟ್ಟಿಗಳೆಲ್ಲ ಇದ್ದವು. ಒಂದೊಂದನ್ನೂ ಮಕ್ಕಳ ಕಾಪಿ ಹಾಳೆಯಲ್ಲಿ ಬೇರೆ ಬೇರೆಯಾಗಿ ಸುತ್ತಿಟ್ಟಿದ್ದರು.

"ಮುಂಜಾನಿನ ಕೊಡಬೇಕಂತ ಬಾಯಿ ತೆರದೆ," ಎಂದರು ನನ್ನನ್ನು ನೋಡಿ. "ಇವನ ಮ್ಯಾಲೆ ಬರ್ತದಂತ ನನಗ ಗೊತ್ತಿರ್ಲಿಲ್ಲ ರೀ. ಕಂಪ್ಯೂಟರ್ ಬ್ಯಾಡ ಅಂತ ನಾ ಎಂದೂ ಅಂದಿಲ್ಲ. ನನ್ನ ಹುಡುಗರನ್ನೂ ಅದರ ಮುಂದ ಕೂಡಸ್ರಿ ಅಂದೆ. ಟೈಮ್ ಟೇಬಲ್‌ದಾಗ ನಮ್ಮ ವರ್ಗದ ಹೆಸರ ಇರ್ಲಿಲ್ಲ."

ಗುರುಬಸವ ಅಷ್ಟು ಹೊತ್ತು ಕಾದು ತಂದಿದ್ದ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದ. "ಪೊಲೀಸ್ ಗಿಲೀಸ್ ಏನೂ ಬ್ಯಾಡ," ಎಂದ ಕಡೆಗೆ. "ಆದ್ರ ಪವಾಯಿಯವರಿಗೆ ಹೇಳಬೇಕಾಗ್ತದ ಅಕ್ಕೋರ. ಕಮಿಟಿಗೂ ಹೋಗ್ತದ."

"ಹೇಳ್ರಿ," ಎಂದರು ಅವರು.

ಏನಾದರೂ ಮಾಡಬೇಕೆಂದು ನಾನು ಶೇಖರ ಸರ್ ಮೇಲೆ ಹರಿಹಾಯ್ದೆ. ಇಷ್ಟು ದೊಡ್ಡ ಕಟ್ಟಡದಲ್ಲಿ ಹತ್ತು ಮಕ್ಕಳಿಗೆ ಜಾಗ ಇಲ್ಲವಾ ಎಂದೆ. ಅವರು ಬೆವರು ಒರೆಸಿಕೊಂಡು, "ನನ್ನ ಕೈಯಲ್ಲಿ ಇಲ್ಲ," ಎಂದರು. ಅದು ಸುಳ್ಳಲ್ಲ. ಅದು ಅವರ ಕೈಯಲ್ಲೂ ಇರಲಿಲ್ಲ, ಗುರುಬಸವನ ಕೈಯಲ್ಲೂ ಇರಲಿಲ್ಲ, ನನ್ನ ಕೈಯಲ್ಲಂತೂ ಬೊಬ್ಬೆ ಹೊಡೆಯುವುದು ಬಿಟ್ಟರೆ ಬೇರೇನೂ ಇರಲಿಲ್ಲ.

"ಹಾಕಪಾ ಪ್ರೀತಮ್," ಎಂದ ಗುರುಬಸವ ಮೆತ್ತಗೆ.

ಪ್ರೀತಮ್ ಯಾರ ಮುಖವನ್ನೂ ನೋಡದೆ ಕೆಲಸಕ್ಕೆ ಕೂತ. ಒಂದೊಂದು ಹಾಳೆ ಬಿಡಿಸಿ, ಪಟ್ಟಿ ತೆಗೆದು, ಪೆಟ್ಟಿಗೆಯೊಳಗೆ ಟಕ್ಕೆಂದು ಕೂರಿಸಿದ. ಒಂದರ ಹಿಂದೆ ಒಂದು ಪರದೆ ಬೆಳಗಿತು. ಕಿಟಕಿಯ ಹತ್ತಿರದ್ದು ಮಾತ್ರ ಪೀಂ ಪೀಂ ಎಂದು ಕೂಗತೊಡಗಿತು. ಅವನು ಅದರ ಸಂದಿಯಲ್ಲಿದ್ದ ಕುಂಕುಮವನ್ನು ಕುಂಚದಿಂದ ತೆಗೆದು, ಪಟ್ಟಿಯನ್ನು ಅಕ್ಕೋರ ಕಡೆ ಚಾಚಿದ.

"ಅಕ್ಕೋರೇ, ರಬ್ಬರ್ ಇದೆಯಾ?"

ಅವರು ಚೀಲದಿಂದ ಒಂದು ತುಂಡು ರಬ್ಬರ್ ಹುಡುಕಿ ತೆಗೆದರು. ಕೈಯನ್ನು ಸೆರಗಿನ ಒಳಮೈಗೆ ಚೆನ್ನಾಗಿ ಒರೆಸಿಕೊಂಡು, ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ತಿಕ್ಕಿದರು.

"ಚಿನ್ನದ ಕಡೆ ಬೆರಳು ತಾಗಸಬಾರದು. ನೀನ ಕಲಿಸಿದ್ದಿ ಅಲ್ಲಾ," ಎಂದರು.

ಆ ಪರದೆಯೂ ಬೆಳಗಿತು. ಶೇಖರ ಸರ್ ಒಂದು ಚಪ್ಪಾಳೆ ತಟ್ಟಿ, ಎರಡನೆಯದಕ್ಕೆ ಕೈ ತಡೆದುಕೊಂಡರು.

ಪ್ರೀತಮ್ ತಗಡು ಮುಚ್ಚಿ ಸ್ಕ್ರೂ ಬಿಗಿದ. ಸ್ಕ್ರೂಡ್ರೈವರನ್ನು ಗುರುಬಸವನ ಮುಂದೆ ಇಟ್ಟ. ನನ್ನ ಎದುರು ಒಂದು ಗಳಿಗೆ ನಿಂತ.

"ಹೇಳಿ ಹೇಳಿ ಅಂದ್ರಿ ಅಲ್ಲಾ ಮಾಮ," ಎಂದ. "ಹೇಳಿದ್ರು."

ಬಾಗಿಲಲ್ಲಿದ್ದ ಗದಿಗೆಪ್ಪ ದಾರಿ ಬಿಟ್ಟ.

"ಏಯ್ ಪ್ರೀತಮ್, ಎಲ್ಲಿಗೆ? ನಿನ್ನ ಹೆಸರು ಸಾಫ್ ಆಯ್ತು ಮಾರಾಯ! ಕೇಳಿಸ್ತಾ?"

ಕಾರಿಡಾರಿನಲ್ಲಿ ಅವನ ಚಪ್ಪಲಿಯ ಸದ್ದು ಮೆಟ್ಟಿಲ ಕೆಳಗಿನ ಕರಿಹಲಗೆಯವರೆಗೆ ಹೋಗಿ, ಅಲ್ಲಿ ತುಸು ನಿಂತು, ಮತ್ತೆ ಮುಂದೆ ಹೋಯಿತು. ನಾನು ಹಿಂದೆ ಓಡಲು ಎದ್ದೆ. ಚನ್ನಬಸಯ್ಯ ನನ್ನ ತೋಳು ಹಿಡಿದರು.

"ಕೂಗಬ್ಯಾಡ್ರಿ ಶೆಟ್ರ. ಅಂವ ಬರೂದಿಲ್ಲ."

ಚನ್ನಬಸಯ್ಯನವರ ಮಾತು ಸುಳ್ಳಾಗಲೆಂದು ನಾನು ಬಯಸಿದ್ದು ಅದೊಂದೇ ಸಲ. ಪ್ರೀತಮ್ ವರ್ಕ್‌ಶಾಪಿಗೂ ಬರಲಿಲ್ಲ, ಹೋಟೆಲಿಗೂ ಮತ್ತೆ ಬರಲಿಲ್ಲ.